ಡಿಪ್ರೆಶನ್ ಅಂದ್ರ ಕತ್ತಲ ಖೋಲಿ ಒಂದ ಏನ್ರಿ?

ಡಿಪ್ರೆಶನ್ ಮ್ಯಾಲೆ ಕಾಲೇಜ್ ಹುಡುಗರು ಮಾಡೋ ಶಾರ್ಟ್ ಫಿಲ್ಮ್ ಹೆಚ್ಚು ಕಡಿಮಿ ಎಲ್ಲಾ ಒಂದ ನಮೂನಿ ಇರ್ತಾವು. ಕತ್ತಲ ಖೋಲಿ, ಕಿಟಕಿಗೆ ಮಳಿ, ಮಂಡಿಗೆ ತಲಿ ಹಚ್ಚಿ ಕುಂತ ಹುಡುಗಿ, ಹಿಂದ ವಯೊಲಿನ್, ಕಡೀಕ ಆಕಿ ಸಾಯ್ತಾಳ, ಇಲ್ಲಾ ಫ್ರೆಂಡ್ ಬಂದು ಅಪ್ಪಿಕೊಂಡ ಕೂಡ್ಲೆ ಎಲ್ಲಾ ಸರಿ ಆಗಿಬಿಡ್ತೈತಿ. ನಾ ಹುಬ್ಬಳ್ಳ್ಯಾಗ ಮದುವಿ ವಿಡಿಯೋ ಎಡಿಟ್ ಮಾಡಾಂವ, ಆಷಾಢದಾಗ ಖಾಲಿ ಕುಂತಾಗ ಅಕ್ಕನ ಮಗಳು ಗ್ಯಾಂಗ್ ಕಟಗೊಂಡು "ಮಾಮಾ, ಪ್ರಾಜೆಕ್ಟ್ ಐತಿ" ಅಂತ ತಂದ ಸ್ಕ್ರಿಪ್ಟೂ ಇದ ಇತ್ತು. (ರೊಕ್ಕದ ಮಾತ ಇಲ್ಲ ಬಿಡ್ರಿ.)

ಅದನ್ನ ಧಾರವಾಡದ ಒಬ್ಬ ಮನೋವೈದ್ಯರಿಗೆ ತೋರಿಸಿದ್ರು. ಅವರು ಸಾಯೋ ಸೀನಿಗೆ ಪೆನ್ನಿಲೆ ಗೀಟು ಹೊಡದ್ರಂತ. ಹ್ಯಾಂಗ ಸತ್ತರು ಅಂತ ತೋರಸಬ್ಯಾಡ್ರಿ, ಆ ಸ್ಥಿತಿಯೊಳಗ ಇದ್ದಾಂವ ನೋಡಿದ್ರ ಅದ ದಾರಿ ಕಾಣ್ತೈತಿ, ಸಹಾಯ ಎಲ್ಲಿ ಸಿಗ್ತೈತಿ ಅದನ್ನ ತೋರಸ್ರಿ ಅಂದ್ರು. ವಿಶ್ವ ಆರೋಗ್ಯ ಸಂಸ್ಥೆ ಮೀಡಿಯಾದವರಿಗೆ ಹೇಳೂದೂ ಇದನ್ನ ಅಂತ.

ಆಮ್ಯಾಲೆ ಹುಡುಗರು ಡಿಪ್ರೆಶನ್ ಆಗಿ ಆರಾಮಾದ ಒಬ್ಬರ ಮಾತು ರೆಕಾರ್ಡ್ ಮಾಡ್ಕೊಂಡು ಬಂದ್ರು, ಮುಖ ಬ್ಯಾಡ, ಹೆಸರು ಬ್ಯಾಡ, ದನಿ ಅಷ್ಟ. ಕಿರಾಣಿ ಅಂಗಡಿಯವರು. ಪೂರಾ ಕೇಳಿದ್ರ "ನನಗ ಬ್ಯಾಸರ" ಅನ್ನೋ ಮಾತು ಒಂದೂ ಇಲ್ಲ. ಗ್ಯಾಸ್ ರೀ, ಎದಿ ಬಿಗಿ ರೀ, ತಲಿ ಭಾರ, ನಸಿಕಿನ್ಯಾಗ ಎಚ್ಚರ ಆದ್ರ ಮತ್ತ ನಿದ್ದಿ ಇಲ್ಲ, ಇಷ್ಟ. ಇಸಿಜಿ ಆತು, ಎಂಡೋಸ್ಕೋಪಿ ಆತು, ನಡುವ ಒಂದು ತಾಯತಾನೂ ಆತು, ಎಲ್ಲಾ ನಾರ್ಮಲ್. (ಎದಿ ನೋವಿಗೆ ಇಸಿಜಿ ಮಾಡಿಸಬೇಕ ಮತ್ತ, ಅದನ್ನ ಬಿಡಬ್ಯಾಡ್ರಿ.) ಹೆಂಡತಿ ಹೇಳಿದ್ದು ಮಾತ್ರ ಬ್ಯಾರೆ, ಉದ್ರಿ ಕೇಳೂದ ಬಿಟ್ಟಿದ್ರು ರೀ ಇವರು, ಯಾರು ಕೊಟ್ರೇನು ಬಿಟ್ರೇನು ಅನ್ನೋ ಹಂಗ. ಬ್ಯಾಪಾರ ಮಾಡೋ ಮನುಷ್ಯ ಉದ್ರಿ ಕೇಳೂದ ಬಿಟ್ಟಾನ ಅಂದ್ರ ಏನೋ ಕೆಟ್ಟೈತಿ ಅಂತ ತಿಳೀಬೇಕಲ್ಲ? ಇದನ್ನ ಯಾವ ವಯೊಲಿನ್ ತೋರಸ್ತೈತಿ ಹೇಳ್ರಿ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೊಳಗ ವಯಸ್ಕರಾಗ ಹೆಚ್ಚು ಕಡಿಮಿ ಹತ್ತರಾಗ ಒಬ್ಬರಿಗೆ ಏನರೆ ಒಂದು ಮಾನಸಿಕ ತೊಂದರೆ ಐತಿ ಅಂತ ಬಂತು, ಅವರೊಳಗ ಬಹಳಷ್ಟು ಮಂದಿಗೆ ಚಿಕಿತ್ಸೆನ ಇಲ್ಲ. ನಮ್ಮಲ್ಲೆ ಡಿಮ್ಹಾನ್ಸ್ ಅಂತ ಸರಕಾರಿ ಮಾನಸಿಕ ಆರೋಗ್ಯದ ದವಾಖಾನಿ ಧಾರವಾಡದಾಗ ಐತಿ, ಆದ್ರೂ ಯಾರರೆ ಸ್ವಲ್ಪ ವಿಚಿತ್ರ ಮಾತಾಡಿದ್ರ "ಇವನ್ನ ಧಾರವಾಡಕ್ಕ ಕಳಸ್ರಿ" ಅಂತ ನಗ್ತೀವಿ, ಹಿಂಗಿದ್ರ ಆ ಗೇಟ್ ದಾಟಾಕ ಯಾರಿಗೆ ಧೈರ್ಯ ಬರ್ತೈತಿ?

ಗುಳಿಗಿ ವಿಷಯಕ್ಕಂತೂ ನಮ್ಮ ಮಂದಿ ಜಗಳಕ್ಕ ಬರ್ತಾರ, ಚಟ ಆಗ್ತೈತಿ, ನಿದ್ದಿ ಗುಳಿಗಿ ಅಂತ. ಡಿಪ್ರೆಶನ್ನಿಗೆ ಕೊಡೋ ಗುಳಿಗಿ ನಿದ್ದಿ ಗುಳಿಗಿ ಅಲ್ಲ, ಗುಣ ಕಾಣಾಕ ಎರಡರಿಂದ ನಾಕು ವಾರ ಬೇಕು, ಆರಾಮಾದ ಮ್ಯಾಲೂ ತಿಂಗಳಾನುಗಟ್ಲೆ ತಗೋಬೇಕಾಗ್ತೈತಿ, ತಾವ ಒಮ್ಮಿಗೆ ನಿಲ್ಲಸಬಾರದು, ಡಾಕ್ಟರ್ ಹೇಳಿದಂಗ ಸಾವಕಾಶ ಇಳಸಬೇಕು. ಆ ಅಂಗಡಿಯವರು ಎಂಟ ದಿನಕ್ಕ ಏನೂ ಆಗಲಿಲ್ಲ ಅಂತ ಬಿಟ್ಟಿದ್ರಂತ, ಹೆಂಡತಿ ಮತ್ತ ಹೊಳ್ಳಿ ಕರ್ಕೊಂಡು ಹೋಗ್ಯಾರ.

ನಾ ಹುಡುಗರಿಗೆ ಹೇಳಿದ್ದು ಇಷ್ಟ, ದುಃಖ ಕಡಿಮಿ ತೋರಸ್ರಿ, ಚಿಕಿತ್ಸೆ ಜಾಸ್ತಿ ತೋರಸ್ರಿ, ಚೀಟಿ ಮಾಡಸೂದು, ಪಾಳಿ ಹಚ್ಚೂದು, ಡಾಕ್ಟರ್ ಏನೇನು ಕೇಳ್ತಾರ ಅನ್ನೂದು. ಅದಕ್ಕ ಅವರು ಬೋರ್ ಆಗ್ತೈತಿ ಮಾಮಾ ಅಂದ್ರು. ಆಗವಲ್ದ್ಯಾಕ, ಬೋರ್ ಐತಿ ಅಂತ ಗೊತ್ತಾದ್ರ ಮಂದಿಗೆ ಹೆದರಿಕಿ ಹೋಗ್ತೈತಿ.

ಅವರು ಎಡಿಟ್ ಮಾಡಿದ ಫಿಲ್ಮಿನ್ಯಾಗ ಟೆಲಿ ಮಾನಸ್, ಅಂದ್ರ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಅದರ ನಂಬರ್ 14416 ಎರಡು ಸೆಕೆಂಡ್ ಇತ್ತು, ಪ್ರಿನ್ಸಿಪಾಲರ ಫೋಟೊ, ವಂದನೆ ಎಲ್ಲಾ ಕೂಡಿ ನಲವತ್ತು. ಆ ನಂಬರ್ ಫ್ರೀ, ಇಪ್ಪತ್ನಾಕು ತಾಸೂ ಇರ್ತೈತಿ, ಕನ್ನಡದಾಗ ಮಾತಾಡಬಹುದು. ನಾ ಅದನ್ನ ಹತ್ತು ಸೆಕೆಂಡ್ ನಿಲ್ಲಿಸಿ ದನಿನೂ ಕೊಟ್ಟೆ. ಪ್ರಿನ್ಸಿಪಾಲರು ಎರಡು ಸೆಕೆಂಡಿಗೆ ಇಳದ್ರು. ಸಿಟ್ಟಾಗ್ಯಾರಂತ, ಆಗ್ಲಿ.