ಥ್ರೆಡ್ಡಿಗೆ ನಾಮಕರಣ, ಪುರೋಹಿತರು ಆರು ಜನ

ಮೊನ್ನೆ ರಾತ್ರಿ ಸರ್ವರ್ ಒಂದು ಏದುಸಿರು ಬಿಡ್ತಾ ಇತ್ತು, ಯಾವ ಥ್ರೆಡ್ (ಒಂದೇ ಪ್ರೋಗ್ರಾಂ ಒಳಗೆ ಒಟ್ಟೊಟ್ಟಿಗೆ ಓಡೋ ಕೆಲಸದ ಎಳೆ) ಸಿಪಿಯು ತಿಂತಿದೆ ನೋಡೋಣ ಅಂತ ಟಾಪ್ ಅನ್ನೋ ಕಮಾಂಡ್ ಹಾಕಿದ್ರೆ ನಲವತ್ತು ಥ್ರೆಡ್, ನಲವತ್ತಕ್ಕೂ ಒಂದೇ ಹೆಸರು. ಲಿನಕ್ಸಲ್ಲಿ ನಾವಾಗಿ ಹೆಸರಿಡದಿದ್ರೆ ಹುಟ್ಟಿಸಿದ ಥ್ರೆಡ್ಡಿನ ಹೆಸರೇ ಮಕ್ಕಳಿಗೂ ಬರತ್ತೆ. ಹಾಜರಿ ಕರೆದ್ರೆ ಇಡೀ ಕ್ಲಾಸು ಒಟ್ಟಿಗೆ "ಎಸ್ ಸಾರ್" ಅಂದ ಹಾಗಾಯ್ತು. ಸರಿ ಬಿಡು, ಒಂದೊಂದಕ್ಕೂ ಒಂದು ಹೆಸರಿಟ್ರಾಯ್ತು, ಐದು ನಿಮಿಷದ ಕೆಲ್ಸ ಅಂದ್ಕೊಂಡೆ. ಈ ಪ್ರೋಗ್ರಾಂ ವಿಂಡೋಸಲ್ಲೂ ಮ್ಯಾಕಲ್ಲೂ ಓಡಬೇಕು ಅನ್ನೋದು ಆಗ ತಲೇಲಿರ್ಲಿಲ್ಲ.

ಆಪರೇಟಿಂಗ್ ಸಿಸ್ಟಮ್ಮುಗಳಿಗೆ ಪಾಸಿಕ್ಸ್ ಅಂತ ಒಂದು ಸ್ಟ್ಯಾಂಡರ್ಡ್ ಇದೆ, ಅದರಲ್ಲಿ ಥ್ರೆಡ್ಡಿನ ಭಾಗ 1995ರದ್ದು. ಹುಟ್ಸೋದು, ಕಾಯೋದು, ಬೀಗ ಹಾಕೋದು, ಅರ್ಧ ಕೆಲಸದಲ್ಲಿ ಕ್ಯಾನ್ಸಲ್ ಮಾಡೋದು ಎಲ್ಲಾ ಬರ್ದಿದಾರೆ. ತಿಥಿ ತನಕ ಎಲ್ಲ ವಿಧಿ ಇದೆ, ನಾಮಕರಣ ಒಂದೇ ಇಲ್ಲ. ಅದಕ್ಕೆ ಒಬ್ಬೊಬ್ರು ತಮ್ಮ ತಮ್ಮ ಮನೇಲೇ ಶಾಸ್ತ್ರ ಮಾಡ್ಕೊಂಡ್ರು, ಹೆಸರಿಡೋ ಫಂಕ್ಷನ್ನಿನ ಬಾಲಕ್ಕೆ ಎನ್‌ಪಿ ಅಂತ ಸೇರಿಸಿದ್ರು. ನಾನ್-ಪೋರ್ಟಬಲ್ ಅಂತೆ. ಅಂಗಡಿ ಬಾಗಿಲಲ್ಲೇ "ಮಾರಿದ ಮಾಲು ವಾಪಸ್ ತಗೊಳ್ಳಲ್ಲ" ಬೋರ್ಡು.

ಲಿನಕ್ಸಲ್ಲಿ ಈ ಫಂಕ್ಷನ್ನಿನ ಹೆಸರು ಸೆಟ್‌ನೇಮ್, ಅದಕ್ಕೆ ನಾವು ಕೊಡೋ ಆರ್ಗ್ಯುಮೆಂಟು ಎರಡು, ಯಾವ ಥ್ರೆಡ್ಡು, ಏನು ಹೆಸರು. ಮ್ಯಾಕಲ್ಲಿ ಅದೇ ಫಂಕ್ಷನ್ನು, ಆದ್ರೆ ಒಂದೇ ಆರ್ಗ್ಯುಮೆಂಟು, ಯಾಕಂದ್ರೆ ಅಲ್ಲಿ ಬೇರೆಯವರು ಹೆಸರಿಡೋ ಹಾಗಿಲ್ಲ, ಮಗುನೇ ತೊಟ್ಟಿಲಲ್ಲಿ ಎದ್ದು ಕೂತು ತನ್ನ ಹೆಸರು ತಾನೇ ಇಟ್ಕೋಬೇಕು. ನೆಟ್‌ಬಿಎಸ್‌ಡಿ ಅನ್ನೋ ಇನ್ನೊಂದು ಆಪರೇಟಿಂಗ್ ಸಿಸ್ಟಮ್ಮಲ್ಲಿ ಮೂರು ಆರ್ಗ್ಯುಮೆಂಟು, ಹೆಸರು ಪ್ರಿಂಟ್‌ಎಫ್ ಥರ, ಬಿಟ್ಟ ಸ್ಥಳ ತುಂಬಿಸ್ಕೊಂಡು, ಫಾರ್ಮ್ಯಾಟ್ ಆಗಿ ಬರತ್ತೆ. ಅದರ ದಾಯಾದಿ ಫ್ರೀಬಿಎಸ್‌ಡಿಯವರು ಸೆಟ್‌ಗೂ ನೇಮ್‌ಗೂ ಮಧ್ಯೆ ಇನ್ನೊಂದು ಅಂಡರ್‌ಸ್ಕೋರ್ ತುರುಕಿ ಬೇರೆ ಫಂಕ್ಷನ್ನೇ ಮಾಡ್ಕೊಂಡ್ರು. ಊರಿಗೊಂದು ದಾರಿ ಪೋರನಿಗೊಂದು ದಾರಿ ಅಂತಾರಲ್ಲ, ಇಲ್ಲಿ ಊರೇ ಇಲ್ಲ, ಬರೀ ಪೋರರು.

ವಿಂಡೋಸ್ ಕಥೆ ಕೇಳಿ. ಅಲ್ಲಿ ಎಷ್ಟೋ ವರ್ಷ ಥ್ರೆಡ್ಡಿಗೆ ಹೆಸರಿಡಬೇಕು ಅಂದ್ರೆ 406ಡಿ1388 ಅನ್ನೋ ಹೆಕ್ಸ್ ನಂಬರಿನ ಎಕ್ಸೆಪ್ಶನ್ ಒಂದನ್ನ ಎಸೀಬೇಕಿತ್ತು. ಹೌದು, ಎಕ್ಸೆಪ್ಶನ್ನೇ, ಪ್ರೋಗ್ರಾಂ ಹಾಳಾದಾಗ ಎಸೆಯೋದು. ಮಗೂನ ತೊಟ್ಟಿಲಿಗೆ ಹಾಕೋ ಹೊತ್ತಲ್ಲಿ "ಬೆಂಕಿ ಬೆಂಕಿ" ಅಂತ ಕೂಗ್ಬೇಕು, ಅಲ್ಲಿ ತಪ್ಪು ಹುಡುಕೋ ಡಿಬಗ್ಗರ್ ಕೂತಿದ್ರೆ ಅದು "ಓ, ಹೆಸರಾ" ಅಂತ ಬರ್ಕೊಳತ್ತೆ, ಕೂತಿಲ್ದಿದ್ರೆ ಹೆಸರು ಗಾಳಿಗೆ ಹೋಯ್ತು. ಕೊನೆಗೆ 2016ರಲ್ಲಿ ವಿಂಡೋಸ್ 10ಕ್ಕೆ ಒಂದು ಮರ್ಯಾದಸ್ತ ಫಂಕ್ಷನ್ ಕೊಟ್ರು, ಅದಕ್ಕೂ ನೇಮ್ ಅನ್ನದೆ ಡಿಸ್ಕ್ರಿಪ್ಶನ್ ಅಂದ್ರು.

ಭಾಷೆಯವರಾದ್ರೂ ಪಂಚಾಯ್ತಿ ಮಾಡಿ ಬಗೆಹರಿಸ್ತಾರೇನೋ ಅಂದ್ರೆ, ಸಿ ಭಾಷೆಯ ಕಮಿಟಿ 2011ರಲ್ಲಿ ಥ್ರೆಡ್ಸ್ ಅಂತ ಹೊಸ ಹೆಡರ್ರೇ ತಂದ್ರು, ತಂದ ಕೈಯಲ್ಲೇ "ಇದು ಆಪ್ಶನಲ್, ಇಷ್ಟ ಇಲ್ದಿದ್ರೆ ಇಲ್ಲ ಅಂತ ಹೇಳೋಕೆ ಒಂದು ಮ್ಯಾಕ್ರೋ ತಗೊಳ್ಳಿ" ಅಂತ ಅದನ್ನೂ ಕೊಟ್ರು! ಲಿನಕ್ಸಿನ ಸಿ ಲೈಬ್ರರಿ ಜಿಲಿಬ್‌ಸಿಗೆ ಅದು ಬಂದಿದ್ದು 2018ರಲ್ಲಿ, ಮೈಕ್ರೋಸಾಫ್ಟ್ ಕಂಪೈಲರಿಗೆ 2023ರಲ್ಲಿ. ಹನ್ನೆರಡು ವರ್ಷ ಆಯ್ತು, ನೀಲಕುರಿಂಜಿ ಹೂ ಬಿಟ್ಟ ಲೆಕ್ಕ. ಅಷ್ಟಾದ್ಮೇಲೂ ಅದರಲ್ಲಿ ಹೆಸರಿಡೋ ಫಂಕ್ಷನ್ ಇದ್ಯಾ, ಇಲ್ಲ. ಸಿ ಪ್ಲಸ್ ಪ್ಲಸ್‌ಗೆ 11, 14, 17, 20, 23 ಅಂತ ಐದು ಆವೃತ್ತಿ ಬಂತು, ಅಲ್ಲೂ ಇಲ್ಲ, ನೇಟಿವ್ ಹ್ಯಾಂಡಲ್ ಅಂತ ಒಂದು ಚೀಟಿ ಕೊಟ್ಟು "ಆಪರೇಟಿಂಗ್ ಸಿಸ್ಟಮ್ಮಿನ ಕೌಂಟರಲ್ಲಿ ಕೇಳಿ" ಅಂತಾರೆ.

ಜಾವಾದವ್ರು ಮೊದಲಿಂದ್ಲೂ ಸೆಟ್‌ನೇಮ್ ಇಟ್ಟಿದಾರೆ, ಒಪ್ಕೋಬೇಕು. ಪೈಥಾನಲ್ಲಿ ಹೆಸರಿಡಬಹುದು, ಆದ್ರೆ 3.14 ಬರೋ ತನಕ ಅದು ಮನೇಲಿ ಕರೆಯೋ ಹೆಸರು ಅಷ್ಟೇ, ರೇಷನ್ ಕಾರ್ಡಿಗೆ ಹೋಗ್ತಿರ್ಲಿಲ್ಲ, ಟಾಪಲ್ಲಿ ನೋಡಿದ್ರೆ ಪೈಥಾನ್ ಪೈಥಾನ್ ಪೈಥಾನ್. ಗೋ ಭಾಷೆಯವ್ರಂತೂ ಸನ್ಯಾಸಿಗಳು, ಅವ್ರ ಹಗುರ ಥ್ರೆಡ್ಡಾದ ಗೋರೂಟೀನಿಗೆ ಹೆಸರೂ ಬೇಡ, ಕೇಳಿದ್ರೆ ಐಡಿನೂ ಕೊಡಲ್ಲ.

ಅಂತೂ ಬೆಳಗಿನ ಜಾವದ ತನಕ ಕೂತು ಒಂದೊಂದು ಸಿಸ್ಟಮ್ಮಿಗೆ ಒಂದೊಂದು ಕೋಡ್ ಆರಿಸೋ ಅರವತ್ತು ಲೈನಿನ ಇಫ್‌ಡೆಫ್ ಬರ್ದೆ. ಓಡಿಸಿದ್ರೆ ಲಿನಕ್ಸಲ್ಲಿ ಇನ್ನೂ ಅಪ್ಪನ ಹೆಸರೇ! ಆಮೇಲೆ ಗೊತ್ತಾಯ್ತು, ಅಲ್ಲಿ ಹೆಸರು 15 ಬೈಟ್ ದಾಟೋ ಹಾಗಿಲ್ಲ, ದಾಟಿದ್ರೆ ಎರರ್ ಕೋಡ್ ವಾಪಸ್ ಕೊಟ್ಟು ಸುಮ್ನಾಗತ್ತೆ, ಆ ಕೋಡನ್ನ ನೋಡೋ ಅಭ್ಯಾಸ ನನಗಿಲ್ಲ. ರೇಗಿ ಕನ್ನಡದಲ್ಲೇ ಇಡ್ತೀನಿ ಅಂತ ಲೆಕ್ಕ ಹಾಕ್ದೆ. ಅಕ್ಷರಗಳನ್ನ ಬೈಟಲ್ಲಿ ಬರೆಯೋ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಗುಣಿತಕ್ಕೂ ಮೂರು ಮೂರು ಬೈಟ್, ಒತ್ತಿಗೆ ಆರು. ಮಂಜುನಾಥ 21, ಹಿಡಿಯಲ್ಲ. ಕೃಷ್ಣ ಸರಿಯಾಗಿ 15, ಹಿಡೀತಾನೆ. ಕೃಷ್ಣಪ್ಪ ಹಿಡಿಯಲ್ಲ. ಸರಿ, ಕೃಷ್ಣ ಅಂತಾನೇ ಇಟ್ಟು ಟಾಪ್ ಹಾಕ್ದೆ, ಆ ಸರ್ವರಲ್ಲಿ ಯಾರೂ ಲೊಕೇಲ್, ಅಂದ್ರೆ ಭಾಷೆ-ಲಿಪಿಯ ಸೆಟ್ಟಿಂಗ್, ಸೆಟ್ ಮಾಡಿರ್ಲಿಲ್ಲ, ಹೆಸರಿನ ಜಾಗದಲ್ಲಿ ಸಾಲಾಗಿ ಪ್ರಶ್ನೆಚಿಹ್ನೆ ನಿಂತಿದ್ವು.