ಪುನರ್ಪುಳಿ ಶರಬತ್ತು ಮತ್ತು ಪಿ300

ನಿನ್ನೆ ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಮ್ಮ ಒಂದು ಮೆಸೇಜು ಹಾಕಿದ್ದರು. ಪುನರ್ಪುಳಿ (ಕೋಕಂ) ಶರಬತ್ತು ಕುಡಿದರೆ ಕ್ಯಾನ್ಸರ್ ಮಾಯ, ಬೆಂಗಳೂರಿನ ವಿಜ್ಞಾನಿಗಳೇ ಹೇಳಿದ್ದಾರೆ ಅಂತ. ಸುಮ್ನೆ ಇರೋಣ ಅಂದುಕೊಂಡೆ, ಆಗಲಿಲ್ಲ. ಇದರಲ್ಲಿ ಒಂದು ಚೂರು ನಿಜ ಇದೆ. ಆ ಚೂರನ್ನೇ ಯಾರೂ ಹೇಳುತ್ತಿಲ್ಲ ಅನ್ನುವುದು ನನ್ನ ಸಿಟ್ಟು.

ನಮ್ಮ ಒಂದು ಜೀವಕೋಶದಲ್ಲಿ ಸುಮಾರು 2 ಮೀಟರ್ ಡಿಎನ್‌ಎ ಇರುತ್ತದೆ. ಅದು ಹಿಸ್ಟೋನ್ ಅನ್ನುವ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಈ ಕಟ್ಟಿಗೇ ಕ್ರೊಮ್ಯಾಟಿನ್ ಅನ್ನುವುದು. ಸುತ್ತು ಬಿಗಿಯಾಗಿದ್ದ ಕಡೆ ಜೀನ್ ಸುಮ್ಮನಿರುತ್ತದೆ. ಪಿ300 ಅನ್ನುವ ಪ್ರೋಟೀನ್ ಬಂದು ಹಿಸ್ಟೋನಿನ ಬಾಲಕ್ಕೆ ಅಸಿಟೈಲ್ ಎಂಬ ಪುಟ್ಟ ತುಣುಕು ಅಂಟಿಸಿದರೆ ಹಿಡಿತ ಸಡಿಲವಾಗಿ ಜೀನ್ ಕೆಲಸ ಶುರು ಮಾಡುತ್ತದೆ. ಸುಮ್ಮನಿರಬೇಕಾದ ಜೀನ್ ಹೀಗೆ ಎದ್ದರೆ ಕ್ಯಾನ್ಸರಿಗೂ ದಾರಿಯಾಗಬಹುದು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ ಈ ಪಿ300ರ ಕೈ ಕಟ್ಟುವ ವಸ್ತು ಹುಡುಕುತ್ತಿತ್ತು. 2003ರಲ್ಲಿ ಸಿಕ್ಕಿದ್ದು ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿ. ಹೌದು, ಕೈಗೆ ತಾಗಿದರೆ ಸುಡುವ ಅದೇ ಎಣ್ಣೆ! 2004ರಲ್ಲಿ ಪುನರ್ಪುಳಿ ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಅನ್ನುವ ವಸ್ತು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳು ಅದರಿಂದ ಸತ್ತವು.

ತಟ್ಟೆಯಲ್ಲಿ, ಲೋಟದಲ್ಲಲ್ಲ. ಗಾರ್ಸಿನಾಲ್ ಪಿ300 ಒಂದನ್ನೇ ತಡೆಯುವುದಿಲ್ಲ, ಅದೇ ಜಾತಿಯ ಬೇರೆ ಪ್ರೋಟೀನನ್ನೂ ತಡೆಯುತ್ತದೆ. ಅದಕ್ಕೇ ಅವರು ಅದರ ಅಣುವನ್ನೇ ಅಲ್ಲಿ ಇಲ್ಲಿ ತಿದ್ದಿ ಹೊಸದು ಮಾಡಬೇಕಾಯಿತು. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಪಿ300 ವೈರಿಯೇನಲ್ಲ, ಒಳ್ಳೆಯ ಕೋಶಕ್ಕೂ ಅದು ಬೇಕು. ಕೆಲವು ಲಿಂಫೋಮಾಗಳಲ್ಲಿ (ದುಗ್ಧರಸ ಗ್ರಂಥಿಗಳ ಕ್ಯಾನ್ಸರ್) ಪಿ300ರ ಜೀನ್ ಕೆಟ್ಟಿರುವುದೇ ರೋಗಕ್ಕೆ ದಾರಿ. ಅಲ್ಲಿ ಅದನ್ನು ತಡೆಯಲು ಹೋದರೆ ಕಥೆ ಉಲ್ಟಾ ಆಗಬಹುದು, ಅಲ್ವಾ?

ಬಾಯಿ ಕ್ಯಾನ್ಸರಿನಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಹಿಸ್ಟೋನುಗಳಿಗೆ ಅಸಿಟೈಲ್ ಜಾಸ್ತಿ ಅಂಟಿರುವುದನ್ನು ಇದೇ ತಂಡ 2010ರಲ್ಲಿ ತೋರಿಸಿತು. ಅರಿಸಿನದ ಕರ್ಕ್ಯುಮಿನ್‌ನಿಂದ ನೀರಿನಲ್ಲಿ ಕರಗುವ ಒಂದು ವಸ್ತು ಮಾಡಿ ಇಲಿಗಳಿಗೆ ಕೊಟ್ಟರು. ಗಡ್ಡೆ ಬೆಳೆಯುವುದು ಕಡಿಮೆಯಾಯಿತು. ಇಲಿಗಳಲ್ಲಿ.

ಇಷ್ಟೆಲ್ಲಾ ಬರೆದದ್ದು ಚಿಕ್ಕಪ್ಪನಿಗಾಗಿ. ಹೊಗೆಸೊಪ್ಪು ಹಾಕಿ ಹಾಕಿ ಅವರ ಕೆನ್ನೆಯ ಒಳಗೆ ಬಿಳಿ ಕಲೆಯಾಗಿ ಎರಡು ತಿಂಗಳಾಯಿತು. ಚಿಕ್ಕಮ್ಮ ದಿನಾ ಎರಡು ಲೋಟ ಶರಬತ್ತು ಕೊಡುತ್ತಿದ್ದಾರಂತೆ. ರಾತ್ರಿ ಫೋನ್ ಮಾಡಿದೆ.

"ಹಾಗಾದ್ರೆ ಶರಬತ್ತು ನಿಲ್ಲಿಸ್ಬೇಕಾ ಮಾರಾಯ?"

"ಬೇಡ ಚಿಕ್ಕಮ್ಮ, ಸೆಕೆಗೆ ಒಳ್ಳೇದು, ಕೊಡಿ. ಗುರುವಾರ ನಾನು ಬರ್ತೇನೆ. ಡಾಕ್ಟರ ಹತ್ರ ಚಿಕ್ಕಪ್ಪನನ್ನು ನಾನೇ ಕರ್ಕೊಂಡು ಹೋಗ್ತೇನೆ."