ಕೂದಲು ಕತ್ತರಿಸಿದರು, ರಾಜತನ ಹೋಯಿತು

751ರಲ್ಲಿ ಪಿಪಿನ್ ಬರೀ ಸೇನಾಬಲದಿಂದ ಫ್ರಾಂಕರ (ಈಗಿನ ಫ್ರಾನ್ಸ್ ಸುತ್ತಮುತ್ತ ಆಳುತ್ತಿದ್ದ ಜನ) ರಾಜನಾದ ಅಂತ ಒಂದು ಲೇಖನದಲ್ಲಿ ಓದಿದೆ. ನನಗೆ ಹಾಗನ್ನಿಸುವುದಿಲ್ಲ. ಅರಮನೆಯ ಮುಖ್ಯಾಧಿಕಾರಿಯಾಗಿ ಸೇನೆ, ಖಜಾನೆ ಎಲ್ಲ ಆಗಲೇ ಅವನ ಕೈಯಲ್ಲೇ ಇತ್ತಲ್ವಾ? ಇಲ್ಲದ್ದು ರಾಜ ಅನ್ನೋ ಹೆಸರೊಂದೇ. ಅದಕ್ಕೇ ಪೋಪ್ ಜಕರಿಯಾಸ್ ಹತ್ತಿರ ಜನ ಕಳಿಸಿ, ಅಧಿಕಾರ ನಡೆಸುವವನು ರಾಜನಾಗಬೇಕೋ ಹೆಸರಿಗಷ್ಟೇ ಇರುವವನೋ ಅಂತ ಕೇಳಿಸಿ ಒಪ್ಪಿಗೆ ಪಡೆದ. ಆಮೇಲೆ ಆಗಿನ ರಾಜ ಮೂರನೇ ಚಿಲ್ಡೆರಿಕ್‌ನ ಉದ್ದ ಕೂದಲು ಕತ್ತರಿಸಿ ಮಠಕ್ಕೆ ಕಳಿಸಿದರು. ಅವನ ಮೆರೊವಿಂಜಿಯನ್ ವಂಶಕ್ಕೆ ಆ ಕೂದಲೇ ಕಿರೀಟ ಇದ್ದ ಹಾಗೆ, ಪಾಪ. ಅವನನ್ನು ಎತ್ತಿನಗಾಡಿಯಲ್ಲಿ ಓಡಾಡುವ ಕೈಲಾಗದ ರಾಜ ಅಂತ ಬರೆದ ಐನ್‌ಹಾರ್ಡ್, ಪಿಪಿನ್ ಮಗ ಶಾರ್ಲಮೇನ್‌ನ ಆಸ್ಥಾನದವನು. ಗೆದ್ದವರ ಮನೆಯ ಮಾತನ್ನು ಸುಮ್ನೆ ಹಾಗೇ ನಂಬಬಾರದು. 754ರಲ್ಲಿ ಪೋಪ್ ಎರಡನೇ ಸ್ಟೀಫನ್ ಪಿಪಿನ್‌ಗೂ ಅವನ ಇಬ್ಬರು ಗಂಡುಮಕ್ಕಳಿಗೂ ಎಣ್ಣೆ ಹಚ್ಚಿ ಅಭಿಷೇಕ ಮಾಡಿದ. ಇಟಲಿಯಲ್ಲಿ ರೋಮ್‌ಗೆ ಬೆದರಿಕೆಯಾಗಿದ್ದ ಲೊಂಬಾರ್ಡರ ವಿರುದ್ಧ ಪೋಪ್‌ಗೂ ಸೇನೆ ಬೇಕಿತ್ತು.